ಗಂಡಸರ ವಿಕ್ಟೋರಿಯನ್ ಕೋಟಿಗೆ ಪ್ಯಾಟರ್ನ್ ಆರಿಸೋದು ಹೇಗೆ?

ಹೊಲಿಗೆಹುಚ್ಚಿ_ಹ್ಯೂಸ್ಟನ್:
ಎಲ್ಲರಿಗೂ ನಮಸ್ಕಾರ. ಇಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಊರಲ್ಲಿ ಪ್ರತಿವರ್ಷ ಡಿಸೆಂಬರ್ ಮೊದಲ ವಾರಾಂತ್ಯ 'ಡಿಕನ್ಸ್ ಆನ್ ದ ಸ್ಟ್ರ್ಯಾಂಡ್' ಅಂತ ಜಾತ್ರೆ ನಡೆಯುತ್ತದೆ. ಹಳೇ ಬೀದಿಯೊಂದರಲ್ಲಿ ಜನ ವಿಕ್ಟೋರಿಯಾ ರಾಣಿ ಕಾಲದ ವೇಷ ಹಾಕಿಕೊಂಡು ಓಡಾಡುತ್ತಾರೆ. ಪೂರ್ತಿ ವೇಷದಲ್ಲಿ ಹೋದವರಿಗೆ ಟಿಕೆಟ್‌ನಲ್ಲಿ ರಿಯಾಯಿತಿಯೂ ಇದೆ. ಈ ಸಲ ಯಜಮಾನರಿಗೆ, ಎಂಟು ವರ್ಷದ ಮಗನಿಗೆ ನಾನೇ ಹೊಲಿಯೋಣ ಅಂತಿದ್ದೇನೆ. ಬ್ಲೌಸು, ಚೂಡಿದಾರ, ಮಗನಿಗೆ ಜುಬ್ಬ ಎಲ್ಲ ಹೊಲಿದು ಗೊತ್ತು. ಕೋಟಿಗೆ ಮಾತ್ರ ಕೈ ಹಾಕಿಲ್ಲ.

ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಕಾಗದದ ನಮೂನೆ) ಹುಡುಕಲು ಕೂತರೆ ತಲೆ ತಿರುಗುತ್ತದೆ. ಎಲ್ಲದರ ಮೇಲೂ 'ವಿಕ್ಟೋರಿಯನ್' ಅಂತಲೇ ಬರೆದಿದೆ. ಒಂದರಲ್ಲಿ ಕೋಟು ಮೊಣಕಾಲಿನವರೆಗೆ, ಇನ್ನೊಂದರಲ್ಲಿ ಮುಂದೆ ಕತ್ತರಿಸಿ ಹಿಂದೆ ಬಾಲ, ಮತ್ತೊಂದರಲ್ಲಿ ಎದೆ ತುಂಬ ಹಿತ್ತಾಳೆ ಗುಂಡಿ, ಬೆಲ್ಟು, ಗಡಿಯಾರದ ಚಕ್ರ. ಯಾವುದನ್ನು ನಂಬಲಿ? ಯಜಮಾನರು ಎತ್ತರ, ಸ್ವಲ್ಪ ಹೊಟ್ಟೆ ಇದೆ, ಕಂಪ್ಯೂಟರ್ ಮುಂದೆ ಕೂತು ಬೆನ್ನು ಚೂರು ಬಾಗಿದೆ.

ದರ್ಜಿಮಗ:
ನಮಸ್ಕಾರ ಅಕ್ಕ. ಪ್ಯಾಟರ್ನ್ ಆಮೇಲೆ. ಮೊದಲು ಇಸವಿ ಹೇಳಿ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಅರವತ್ತು ಚಿಲ್ಲರೆ ವರ್ಷ. ಅಷ್ಟರಲ್ಲಿ ಗಂಡಸರ ಕೋಟಿನ ಸೊಂಟ, ತೋಳು, ಕಾಲರ್ ಎಲ್ಲ ಬದಲಾಗಿ ಹೋದವು. ಬರೀ 'ವಿಕ್ಟೋರಿಯನ್' ಅಂತ ಬರೆದು ಇಸವಿ ಹಾಕದ ಪ್ಯಾಟರ್ನನ್ನು ನಾನು ತೆರೆದೇ ನೋಡುವುದಿಲ್ಲ.

ಸೂಜಿಮಲ್ಲಿಗೆ_ಲೆಸ್ಟರ್:
ದರ್ಜಿಮಗ ಸರ್ ಹೇಳಿದ್ದು ಸರಿ. ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಒಂದು ಹವ್ಯಾಸಿ ತಂಡಕ್ಕೆ ವೇಷ ಹೊಲಿಯುತ್ತೇನೆ. ದಶಕ ಗುರುತಿಸುವುದಕ್ಕೆ ನಾನು ನೋಡುವುದು ಇಷ್ಟು.

1840ರ ಆಸುಪಾಸು ಅಂದರೆ ಸೊಂಟ ಬಿಗಿ, ಎದೆ ಉಬ್ಬು, ಕೋಟಿನ ಕೆಳಗಿನ ಘೇರು ಜಾಸ್ತಿ. ನೀಲಿ, ಬಾಟಲಿ ಹಸಿರು, ಕಂದು ಬಣ್ಣದ ಕೋಟು ಸಾಮಾನ್ಯ. ಕೋಟಿನ ಒಳಗೆ ಹಾಕುವ ತೋಳಿಲ್ಲದ ವೇಸ್ಟ್‌ಕೋಟ್ ಹೂವಿನ ರೇಷ್ಮೆಯದ್ದೂ ಇರುತ್ತಿತ್ತು. 1850, 60ಕ್ಕೆ ಬಂದರೆ ಎಲ್ಲ ಸಡಿಲ. ತೋಳು ಮೊಣಕೈ ಹತ್ತಿರ ಅಗಲ, ಸೊಂಟದ ಬಿಗಿ ಕಡಿಮೆ, ಕಪ್ಪು ಜಾಸ್ತಿ. ಪ್ಯಾಂಟು ಮಾತ್ರ ಚೌಕುಳಿಯೋ ಪಟ್ಟೆಯೋ ಇರಬಹುದು. 1880, 90ರ ಫ್ರಾಕ್ ಕೋಟು (ನೀವು ಹೇಳಿದ ಮೊಣಕಾಲಿನವರೆಗಿನ ಕೋಟು) ನೆಟ್ಟಗೆ, ಉದ್ದಕ್ಕೆ ಇಳಿಯುತ್ತದೆ. ಎದೆ ಮೇಲೆ ಎರಡು ಸಾಲು ಗುಂಡಿ, ಕಾಲರ್ ಮಡಿಕೆಗೆ ರೇಷ್ಮೆ ಹೊದಿಕೆ. ಆ ಹೊತ್ತಿಗೆ ಮುಂದೆ ಇಳಿಜಾರಾಗಿ ಕತ್ತರಿಸಿದ ಮಾರ್ನಿಂಗ್ ಕೋಟು ಹಗಲಿಗೆ ತುಂಬ ಚಾಲ್ತಿಗೆ ಬಂದಿತ್ತು. ಬಾಲದ ಟೇಲ್ ಕೋಟು ರಾತ್ರಿ ಊಟದ ಉಡುಪಾಗಿಬಿಟ್ಟಿತ್ತು. ಹಗಲು ಬೀದಿಯಲ್ಲಿ ಸುತ್ತಾಡಲು ಅದು ಬೇಡ.

ಚಕ್ರ, ಬೆಲ್ಟು, ಹಿತ್ತಾಳೆ ಗುಂಡಿ ಇರೋದು ಸ್ಟೀಮ್‌ಪಂಕ್. ಅದು ಕಲ್ಪನೆಯ ಲೋಕದ ಉಡುಪು. ಚೆನ್ನಾಗಿಯೇ ಇರುತ್ತದೆ, ಆದರೆ ನೀವು ಕೇಳಿದ್ದು ಅದಲ್ಲ.

ಹೊಲಿಗೆಹುಚ್ಚಿ_ಹ್ಯೂಸ್ಟನ್:
ಜಾತ್ರೆ ಹೆಸರೇ ಕಾದಂಬರಿಕಾರ ಡಿಕನ್ಸ್ ಅವರದ್ದು ಅಲ್ವಾ, ಅವರು ಬದುಕಿದ್ದು 1812ರಿಂದ 1870. ಹಾಗಾದರೆ 1860 ಅಂತ ಇಟ್ಟುಕೊಳ್ಳುತ್ತೇನೆ. ಸಡಿಲ ಅಂದಿರಲ್ಲ, ಹೊಟ್ಟೆಗೂ ಅನುಕೂಲ :) ಫ್ರಾಕ್ ಕೋಟೇ ಬೇಕು ಅಂತ ಯಜಮಾನರ ಹಟ.

ದರ್ಜಿಮಗ:
ಆಯ್ತು, 1860ರ ಫ್ರಾಕ್ ಕೋಟು. ಈಗ ಪ್ಯಾಟರ್ನ್ ನೋಡುವ ರೀತಿ ಹೇಳುತ್ತೇನೆ. ನಮ್ಮಪ್ಪ ಕೋಟ್ ಟೈಲರ್. ಯಾರದ್ದೇ ಕೋಟು ಅಂಗಡಿಗೆ ಬಂದರೂ ಮೊದಲು ತಿರುಗಿಸಿ ಬೆನ್ನು ನೋಡುತ್ತಿದ್ದರು. ನೀವೂ ಅದನ್ನೇ ಮಾಡಿ.

ಮುಖಪುಟದ ಫೋಟೋ ಬಿಡಿ. ಅದರಲ್ಲಿ ಮಾಡೆಲ್ ಟೋಪಿ, ಕೋಲು, ಮೀಸೆ ಎಲ್ಲ ಇಟ್ಟುಕೊಂಡು ನಿಂತಿರುತ್ತಾನೆ. ಹಿಂಬದಿಯ ಗೆರೆಚಿತ್ರ ಹುಡುಕಿ. ಅದರಲ್ಲಿ ಇವು ಇವೆಯಾ ನೋಡಿ.

ನಡುಬೆನ್ನಿನ ತುಂಡು ಕಿರಿದಾಗಿರಬೇಕು. ಅದರ ಎರಡೂ ಬದಿಯ ಜಾಯಿಂಟ್ ಕಂಕುಳಿನ ಹಿಂದಿನಿಂದ ಶುರುವಾಗಿ, ಬಾಗಿ ಬಂದು, ಸೊಂಟದ ಹತ್ತಿರ ನಡುಬೆನ್ನಿಗೆ ತೀರಾ ಸಮೀಪ ಬರಬೇಕು. ಅಲ್ಲಿ ಎರಡು ಗುಂಡಿ. ಗುಂಡಿಯ ಕೆಳಗೆ ಎರಡು ಮಡಿಕೆ, ಮಧ್ಯೆ ಸೀಳು. ಬೆನ್ನಿಗೂ ಮುಂಭಾಗಕ್ಕೂ ನಡುವೆ ಪಕ್ಕದ ಪುಟ್ಟ ತುಂಡು ಒಂದು ಬೇರೆಯೇ ಇರಬೇಕು. ಸೊಂಟದಲ್ಲಿ ಸುತ್ತಲೂ ಜಾಯಿಂಟ್ ಬಂದು, ಕೆಳಗಿನ ಘೇರನ್ನು ಬೇರೆಯಾಗಿ ಕತ್ತರಿಸಿ ಸೇರಿಸಿರಬೇಕು. ನಡುಬೆನ್ನಿನ ತುಂಡು ಮಾತ್ರ ಸೊಂಟದಲ್ಲಿ ನಿಲ್ಲದೆ ಕೆಳತನಕ ಹೋಗುತ್ತದೆ. ಭುಜದ ಜಾಯಿಂಟ್ ಭುಜದ ನೆತ್ತಿಯ ಮೇಲಲ್ಲ, ಹಿಂದಕ್ಕೆ ಜಾರಿರುತ್ತದೆ. ತೋಳು ಎರಡು ತುಂಡಿನದು, ಮೊಣಕೈಯಲ್ಲಿ ಬಾಗು.

ಇಷ್ಟಿದ್ದರೆ ಮಾಡಿದವರು ಹಳೇ ಕೋಟು ನೋಡಿ ಮಾಡಿದ್ದಾರೆ ಅಂತ ಅರ್ಥ. ಬೆನ್ನಿಗೆ ಒಂದೇ ದೊಡ್ಡ ತುಂಡು, ಪಕ್ಕದಲ್ಲಿ ನೇರ ಜಾಯಿಂಟ್, ಸೊಂಟದಲ್ಲಿ ಏನೂ ಇಲ್ಲ, ತೋಳು ಒಂದೇ ತುಂಡು ಅಂದರೆ ಅದು ಉದ್ದ ಮಾಡಿದ ಶರ್ಟು. ಮುಂದೆ ಎಷ್ಟೇ ಕಾಲರ್ ಹಚ್ಚಿದರೂ ನಡೆಯುವಾಗ ಹಿಂದಿನಿಂದ ಗೊತ್ತಾಗಿಬಿಡುತ್ತದೆ.

ಇನ್ನೊಂದು. ಕಂಕುಳ ಸುತ್ತು ಚಿಕ್ಕದಾಗಿ, ಮೇಲಕ್ಕೆ ಇರುತ್ತದೆ. ನೋಡಿದರೆ 'ಅಯ್ಯೋ ಬಿಗಿಯಾಗುತ್ತದೆ' ಅನ್ನಿಸುತ್ತದೆ. ಆಗುವುದಿಲ್ಲ. ಕಂಕುಳು ಮೇಲಿದ್ದಷ್ಟೂ ಕೈ ಎತ್ತಿದಾಗ ಕೋಟು ಮೇಲೇಳುವುದು ಕಡಿಮೆ. ನಮ್ಮ ಕಡೆ ಟೈಲರುಗಳಿಗೆ ಸಡಿಲ ಮಾಡಿ ಅಂದರೆ ಮೊದಲು ಕಂಕುಳನ್ನೇ ಇಳಿಸುತ್ತಾರೆ. ಅದನ್ನು ಮಾತ್ರ ಮಾಡಬೇಡಿ.

ಕಾಜಬಟನ್:
ಸುಮ್ನೆ ಕೇಳ್ತಿದ್ದೇನೆ, ಬೈಬೇಡಿ. ಮದುವೆಗೆ ಹೊಲಿಸಿದ ಶೇರ್ವಾನಿ ಬೀರುವಿನಲ್ಲಿ ಕೊಳೆಯುತ್ತಿದೆ. ಅದೂ ಮೊಣಕಾಲಿನವರೆಗೆ ಉದ್ದ. ಕಾಲರ್ ಬಿಚ್ಚಿ ಕೋಟಿನ ಕಾಲರ್ ಹಾಕಿದರೆ ಆಗಲ್ವಾ? ಇಲ್ಲಾ ಶೇರ್ವಾನಿ ಪ್ಯಾಟರ್ನನ್ನೇ ತಿದ್ದಬಹುದಾ?

ದರ್ಜಿಮಗ:
ಬೈಯೋದು ಯಾಕೆ, ಎಲ್ಲರಿಗೂ ಬರುವ ಯೋಚನೆಯೇ. ಆಗಲ್ಲ. ಮದುವೆಗೆ ಹೊಲಿಸುವ ಶೇರ್ವಾನಿಗೆ ಸಾಮಾನ್ಯವಾಗಿ ಸೊಂಟದಲ್ಲಿ ಜಾಯಿಂಟ್ ಇರುವುದಿಲ್ಲ. ಭುಜದಿಂದ ಮೊಣಕಾಲಿಗೆ ಒಂದೇ ಓಟ. ಸೀಳು ಪಕ್ಕಕ್ಕೆ. ಫ್ರಾಕ್ ಕೋಟಿನ ಸೀಳು ಹಿಂದೆ, ನಡುವಲ್ಲಿ. ಸೊಂಟದ ಜಾಯಿಂಟ್ ಇಲ್ಲದೆ ಮೇಲೆ ಬಿಗಿ, ಕೆಳಗೆ ಘೇರು ಎರಡೂ ಒಟ್ಟಿಗೆ ತರುವುದು ಕಷ್ಟ. ಶೇರ್ವಾನಿಯನ್ನು ಶೇರ್ವಾನಿಯಾಗಿಯೇ ಹಾಕಿಕೊಂಡು ಹೋಗಿ. ಆ ಕಾಲದಲ್ಲಿ ಲಂಡನ್ನಿಗೆ ಹೋದ ಎಷ್ಟೋ ಭಾರತೀಯರು ತಮ್ಮ ಉಡುಪಿನಲ್ಲೇ ಓಡಾಡಿದ್ದಾರೆ. ಅದೇನೂ ತಪ್ಪು ವೇಷ ಅಲ್ಲ.

ಸೂಜಿಮಲ್ಲಿಗೆ_ಲೆಸ್ಟರ್:
ಈಗ ಎಲ್ಲಿಂದ ಕೊಳ್ಳೋದು ಅನ್ನೋ ವಿಷಯ. ನನ್ನ ಕಣ್ಣಿಗೆ ಪ್ಯಾಟರ್ನ್ ಮೂರು ಜಾತಿ.

ದೊಡ್ಡ ಕಂಪನಿಗಳ ಕಾಸ್ಟ್ಯೂಮ್ ಪ್ಯಾಟರ್ನ್ ಸುಲಭ, ಅಗ್ಗ, ಎಲ್ಲ ಸೈಜಿಗೂ ಸಿಗುತ್ತದೆ. ಆದರೆ ಬಹಳಷ್ಟು ನಾಟಕ, ಹ್ಯಾಲೋವೀನ್ ಲೆಕ್ಕದಲ್ಲಿ ಮಾಡಿದ್ದು. ಸಡಿಲ ಬಿಟ್ಟಿರುವುದು ಜಾಸ್ತಿ. ಎದೆ ಗಟ್ಟಿ ನಿಲ್ಲಿಸುವ ಒಳಬಟ್ಟೆ ಕ್ಯಾನ್ವಾಸ್ ಇಲ್ಲ, ಅಂಟಿಸುವ ಬಕ್ರಂ ಹಾಕಿ ಮುಗಿಸಿ ಅಂತ ಹೇಳಿರುತ್ತಾರೆ. ಕೊಳ್ಳುವ ಮೊದಲು ಸರ್ ಹೇಳಿದ ಬೆನ್ನಿನ ಪರೀಕ್ಷೆ ಮಾಡಿ. ಕೆಲವು ಪಾಸಾಗುತ್ತವೆ ಕೂಡ.

ಎರಡನೆಯದು, ಹಳೇ ಉಡುಪಿಗೆ ಅಂತಲೇ ಇರುವ ಸಣ್ಣ ಕಂಪನಿಗಳು. ಲಾಫಿಂಗ್ ಮೂನ್ ಅವರಲ್ಲಿ ಗಂಡಸರ ಫ್ರಾಕ್ ಕೋಟು, ವೇಸ್ಟ್‌ಕೋಟ್ ಎರಡೂ ಇವೆ. ಫೋಕ್‌ವೇರ್ ಅವರ 202ನೇ ನಂಬರಿನ ವಿಕ್ಟೋರಿಯನ್ ಶರ್ಟು, 222ನೇ ನಂಬರಿನ ಹಳೇ ವೇಸ್ಟ್‌ಕೋಟುಗಳು ನಿಮ್ಮಂಥ ಹೊಸಬರಿಗೆ ಒಳ್ಳೆಯ ಶುರು. ಇಂಥವರ ಸೂಚನೆ ಪುಸ್ತಿಕೆ ದಪ್ಪ ಇರುತ್ತದೆ. ಯಾವ ವರ್ಷಕ್ಕೆ ಯಾವ ಕಾಲರ್ ಅಂತಲೂ ಬರೆದಿರುತ್ತಾರೆ. ಬೆಲೆ ಹೆಚ್ಚು ಅನ್ನಿಸಬಹುದು. ಕೊಡುವುದು ಆ ಪುಸ್ತಿಕೆಗೆ ಅಂದುಕೊಳ್ಳಿ.

ಮೂರನೆಯದು, ಆ ಕಾಲದ ಟೈಲರುಗಳೇ ಬರೆದ ಕಟಿಂಗ್ ನಕ್ಷೆ. 'ದ ಟೈಲರ್ ಅಂಡ್ ಕಟರ್' ಅಂತ ಲಂಡನ್ನಿನ ವೃತ್ತಿಪತ್ರಿಕೆ 1866ರಲ್ಲಿ ಶುರುವಾಯಿತು. ಅಂಥ ಹಳೇ ಪತ್ರಿಕೆ, ಕಟಿಂಗ್ ಪುಸ್ತಕಗಳ ಸ್ಕ್ಯಾನ್ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಅಂತ ಹಾರಿ ಬೀಳಬೇಡಿ. ಅವರು ಬರೆದದ್ದು ಕೆಲಸ ಬಲ್ಲವರಿಗೆ. ಎಲ್ಲಿ ಮಾರ್ಜಿನ್ (ಹೊಲಿಗೆಗೆ ಅಂಚಿನಲ್ಲಿ ಬಿಡುವ ಬಟ್ಟೆ) ಸೇರಿದೆ, ಎಲ್ಲಿ ಇಲ್ಲ, ಹೇಳುವುದೇ ಇಲ್ಲ. ಕೆಲವು ನಕ್ಷೆಗಳಲ್ಲಿ ಬರೆದ ಅಂಕಿ ಇಂಚು ಕೂಡ ಅಲ್ಲ! ಗಿರಾಕಿಯ ಎದೆ ಸುತ್ತಳತೆಗೆ ತಕ್ಕಂತೆ ಹಿಗ್ಗಿಸಿದ, ಕುಗ್ಗಿಸಿದ ಬೇರೆ ಅಳತೆಪಟ್ಟಿಯಿಂದ ಎಳೆಯಬೇಕು. ಅದು ತಿಳಿಯದೆ ಇಂಚು ಟೇಪು ಹಿಡಿದರೆ ಕೋಟು ಯಾರಿಗೂ ಆಗುವುದಿಲ್ಲ.

ಅಂದಹಾಗೆ ನಾವೀಗ ಕೊಳ್ಳುವ ಸೈಜುವಾರು ಕಾಗದದ ಪ್ಯಾಟರ್ನ್ ಕೂಡ ಆ ಕಾಲದ ಕೂಸೇ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಎಬನೀಜರ್ ಬಟರಿಕ್ ಎಂಬ ಟೈಲರ್ 1863ರಲ್ಲಿ ಮಾರಲು ಶುರು ಮಾಡಿದ. ಅವನು ಮೊದಲು ಮಾರಿದ್ದು ಹೆಂಗಸರ ಗೌನಿನ ಪ್ಯಾಟರ್ನ್ ಅಲ್ಲ, ಗಂಡಸರ ಮತ್ತು ಹುಡುಗರ ಬಟ್ಟೆಯದ್ದು. ತೆಳು ಕಾಗದದ ಮೇಲೆ ಒಂದಕ್ಷರವೂ ಇರುತ್ತಿರಲಿಲ್ಲ, ಬರೀ ತೂತು ಮತ್ತು ಕಚ್ಚು. ಈಗಿನವರು ಸೂಚನೆ ಅರ್ಥ ಆಗಲ್ಲ ಅಂತ ಗೊಣಗುವಾಗ ನನಗೆ ಅದು ನೆನಪಾಗುತ್ತದೆ.

ಪರದೆಹಿಂದೆ_ಧಾರವಾಡ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ನಮ್ಮ ಶಾಲೆ ಮಕ್ಕಳ ನಾಟಕಕ್ಕೆ ಬ್ರಿಟಿಷ್ ಅಧಿಕಾರಿ ಕೋಟು ಬೇಕಾಗಿದೆ. ನರಗುಂದ ಬಾಬಾಸಾಹೇಬರ ಕಥೆ. ಬಾಡಿಗೆ ಡ್ರೆಸ್ ಅಂಗಡಿಗೆ ಹೋದರೆ ಯಾವ ಇಂಗ್ಲಿಷ್ ಪಾತ್ರ ಕೇಳಿದರೂ ಅದೇ ಕೆಂಪು ಕೋಟು, ಅದೇ ಬಂಗಾರದ ಜರಿ ಭುಜ. ಕಿತ್ತೂರು ಕಥೆಯ ಥ್ಯಾಕರೆಗೂ ಅದೇ, ನಮ್ಮ ನರಗುಂದ ಕಥೆಯ ಅಧಿಕಾರಿ ಮ್ಯಾನ್ಸನ್‌ಗೂ ಅದೇ, ಬ್ಯಾಂಡಿನವರಿಗೂ ಅದೇ. ಅದಕ್ಕೆ ನಾವೇ ಹೊಲಿಸೋಣ ಅಂತ. ಫ್ರಾಕ್ ಕೋಟೇ ಬೇಕಾ?

ಸೂಜಿಮಲ್ಲಿಗೆ_ಲೆಸ್ಟರ್:
ಬೇಡ ಸರ್, ನಿಮಗೆ ಇನ್ನೂ ಸುಲಭದ್ದಿದೆ. ಆದರೆ ಮೊದಲು ಇಸವಿ ಬೇರ್ಪಡಿಸಿಕೊಳ್ಳಿ. ಕಿತ್ತೂರಿನಲ್ಲಿ ಥ್ಯಾಕರೆ ಸತ್ತದ್ದು 1824ರಲ್ಲಿ. ಆಗ ವಿಕ್ಟೋರಿಯಾ ಐದು ವರ್ಷದ ಕೂಸು. ಆ ಪಾತ್ರಕ್ಕೆ ವಿಕ್ಟೋರಿಯನ್ ಪ್ಯಾಟರ್ನ್ ಬೇಡವೇ ಬೇಡ. ಭುಜದಲ್ಲಿ ತೋಳು ಉಬ್ಬಿದ, ಸೊಂಟ ಹಿಡಿದ 1820ರ ಕೋಟು ಬೇರೆ. ನರಗುಂದದ್ದು 1858. ಅದು ಪಕ್ಕಾ ವಿಕ್ಟೋರಿಯಾ ಕಾಲ.

ಮ್ಯಾನ್ಸನ್ ಸುರೇಬಾನದಲ್ಲಿ ಹತನಾದದ್ದು ಮೇ ತಿಂಗಳಲ್ಲಿ. ನಿಮ್ಮ ಕಡೆ ಮೇ ಬಿಸಿಲು ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಅದು ಮೆರವಣಿಗೆಯ ದಿನವೂ ಅಲ್ಲ, ದಾರಿ ಪ್ರಯಾಣ. ಹಾಗಾಗಿ ಸ್ಯಾಕ್ ಕೋಟಿನ ಪ್ಯಾಟರ್ನ್ ನೋಡಿ. 1850ರ ದಶಕದಿಂದ ಬಂದ ಗಿಡ್ಡ, ಸಡಿಲ ಕೋಟು. ಸೊಂಟದ ಜಾಯಿಂಟ್ ಇಲ್ಲ, ಘೇರಿಲ್ಲ, ಹಿಂದೆ ಮಡಿಕೆ ಇಲ್ಲ. ಈಗಿನ ಸೂಟಿನ ಕೋಟಿಗೆ ಅದೇ ಮುತ್ತಾತ. ಮೇಲಿನ ಒಂದು ಗುಂಡಿ ಮಾತ್ರ ಹಾಕಿ ಕೆಳಗೆ ಬಿಟ್ಟುಬಿಡುವುದು ಆಗಿನ ರೂಢಿ. ತಿಳಿ ಬಣ್ಣದ ಹತ್ತಿ ಡ್ರಿಲ್ ಬಟ್ಟೆಯಲ್ಲಿ ಹೊಲಿಸಿ. ಮಗುವಿಗೂ ಸೆಖೆ ಆಗುವುದಿಲ್ಲ. ವೇದಿಕೆ ಮೇಲೆ ಅಧಿಕಾರಿಯ ಹಾಗೂ ಕಾಣುತ್ತಾನೆ, ಬ್ಯಾಂಡಿನವನ ಹಾಗಲ್ಲ.

ಪರದೆಹಿಂದೆ_ಧಾರವಾಡ:
ಭಾಳ ಉಪಕಾರ ಆಯ್ತು ಮೇಡಂ. ನಮ್ಮ ಟೈಲರ್‌ಗೂ ಇದೇ ಸಲೀಸು. ಆದರೆ ಕೆಂಪು ಕೋಟು ಇಲ್ಲದಿದ್ದರೆ ಜನರಿಗೆ ಇಂಗ್ಲಿಷಿನವ ಅಂತ ಗೊತ್ತಾಗುವುದು ಹೇಗೆ ಅಂತ ಹೆಡ್ ಮಾಸ್ತರರ ಪ್ರಶ್ನೆ.

ದರ್ಜಿಮಗ:
ಅಂಗಡಿಯಲ್ಲಿರುವ ಕೆಂಪನ್ನು ಪಕ್ಕದ ಸಿಪಾಯಿಗಳಿಗೆ ಹಾಕಿ. ಆಗ ಮಧ್ಯೆ ತಿಳಿ ಬಣ್ಣದ ಕೋಟಿನವನು ತಾನಾಗಿಯೇ ಎದ್ದು ಕಾಣುತ್ತಾನೆ.

ಹೊಲಿಗೆಹುಚ್ಚಿ_ಹ್ಯೂಸ್ಟನ್:
ಪ್ಯಾಂಟಿಗೆ ಬೇರೆ ಪ್ಯಾಟರ್ನ್ ಕೊಳ್ಳಲೇಬೇಕಾ? ಫಾರ್ಮಲ್ ಕಪ್ಪು ಪ್ಯಾಂಟು ಹೇಗೂ ಮನೆಯಲ್ಲಿದೆ.

ದರ್ಜಿಮಗ:
ಅಕ್ಕ, ದುಡ್ಡು ಉಳಿಸುವುದಾದರೆ ಟೋಪಿಯಲ್ಲಿ ಉಳಿಸಿ, ಪ್ಯಾಂಟಿನಲ್ಲಿ ಬೇಡ. ಈಗಿನ ಪ್ಯಾಂಟು ಸೊಂಟದ ಕೆಳಗೆ ಕೂರುತ್ತದೆ. ಆಗಿನದು ಹೊಕ್ಕುಳಿನ ಮಟ್ಟಕ್ಕೆ, ಹಿಂದೆ ಇನ್ನೂ ಮೇಲಕ್ಕೆ. ಆಗಿನ ವೇಸ್ಟ್‌ಕೋಟ್ ಗಿಡ್ಡ, ಸೊಂಟಕ್ಕೇ ಮುಗಿಯುತ್ತದೆ. ಈಗಿನ ಪ್ಯಾಂಟಿನ ಮೇಲೆ ಅದನ್ನು ಹಾಕಿದರೆ ನಡುವೆ ನಾಲ್ಕು ಬೆರಳು ಶರ್ಟು ಇಣುಕುತ್ತದೆ. ಇಡೀ ವೇಷ ಕೆಡುವುದು ಅಲ್ಲೇ. ಕೊನೆಗೆ ವೇಸ್ಟ್‌ಕೋಟನ್ನು ಉದ್ದ ಮಾಡಲು ಹೋಗುತ್ತಾರೆ. ಆಗ ಅದು ಈಗಿನ ಮದುವೆ ಮನೆಯ ವೇಸ್ಟ್‌ಕೋಟ್ ಆಗುತ್ತದೆ.

ಪ್ಯಾಟರ್ನಿನಲ್ಲಿ ನೋಡಬೇಕಾದ್ದು: ಬೆಲ್ಟಿನ ಲೂಪ್ ಇರಬಾರದು, ಬ್ರೇಸಸ್‌ಗೆ (ಭುಜದ ಮೇಲಿಂದ ಪ್ಯಾಂಟು ಹಿಡಿದಿಡುವ ಪಟ್ಟಿಗೆ) ಗುಂಡಿ ಇರಬೇಕು. ಮುಂದೆ ಜಿಪ್ ಅಲ್ಲ, ಗುಂಡಿ. ಹಿಂದೆ ಸೊಂಟಪಟ್ಟಿಯ ನಡುವೆ ವಿ ಆಕಾರದ ಸೀಳು, ಬಿಗಿ ಮಾಡಲು ಪಟ್ಟಿ ಮತ್ತು ಬಕಲ್. ಹಿಂದೆ ಜೇಬಿದ್ದರೆ ಅನುಮಾನ ಪಡಿ. ಹೊಲಿದಾದ ಮೇಲೆ ಮುಂದುಗಡೆ ಚೂಪಾಗಿ ಇಸ್ತ್ರಿ ಗೆರೆ ಹಾಕಬೇಡಿ. ಅದು ಶತಮಾನದ ಕೊನೆಗೆ ಬಂದ ಶೋಕಿ.

ಅಳತೆ ತೆಗೆಯುವಾಗ ಜೀನ್ಸ್ ನಂಬರ್ ಮರೆತುಬಿಡಿ. ಯಜಮಾನರ ಹೊಕ್ಕುಳ ಮೇಲೆ ಟೇಪು ಸುತ್ತಿ, ಉಸಿರು ಬಿಡಲು ಹೇಳಿ. ಇಲ್ಲದಿದ್ದರೆ ಹೊಟ್ಟೆ ಒಳಗೆ ಎಳೆದುಕೊಂಡು ನಿಲ್ಲುತ್ತಾರೆ, ಎಲ್ಲ ಗಂಡಸರೂ ಮಾಡುವುದೇ ಅದು. ಕುರ್ಚಿ ಮೇಲೆ ಕೂರಿಸಿ, ಸೊಂಟದಿಂದ ಕುರ್ಚಿಯ ಹಲಗೆಗೆ ಪಕ್ಕದಲ್ಲಿ ಇನ್ನೊಂದು ಅಳತೆ ತೆಗೆದುಕೊಳ್ಳಿ. ಆಸನದ ಆಳ ಸಿಗುವುದು ಅದರಿಂದಲೇ.

ಹತ್ತಿಬೀಜ:
ಶರ್ಟಿಗೆ ದುಡ್ಡು ಕೊಟ್ಟು ಪ್ಯಾಟರ್ನ್ ಕೊಳ್ಳಲೇಬೇಕು ಅಂತೇನಿಲ್ಲ ನನ್ನ ಪ್ರಕಾರ. ಆಗಿನ ಶರ್ಟು ಎಲ್ಲ ಆಯತ, ಚೌಕ. ಒಂದೇ ಉದ್ದ ಬಟ್ಟೆ ಭುಜದ ಮೇಲೆ ಮಡಚಿ, ಕುತ್ತಿಗೆಗೆ ಸೀಳು, ಎದೆಯವರೆಗೆ ಮಾತ್ರ ತೆರೆದ ಪಟ್ಟಿ. ತೋಳು ಆಯತ, ಕಂಕುಳಿಗೆ ಚೌಕದ ತುಂಡು. ನಮ್ಮ ಹಳೇ ಜುಬ್ಬದ ಕಟಿಂಗ್ ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಕುತ್ತಿಗೆ, ಮುಂಗೈಯಲ್ಲಿ ನೆರಿಗೆ ಹಿಡಿದು ಪಟ್ಟಿಗೆ ಸೇರಿಸಿದರೆ ಆಯಿತು. ಕಾಲರ್ ಬೇರೆ ಮಾಡಿ ಗುಂಡಿಯಿಂದ ಸಿಕ್ಕಿಸುತ್ತಿದ್ದರು. ಕೊಳೆಯಾದರೆ ಕಾಲರ್ ಮಾತ್ರ ಒಗೆದರೆ ಸಾಕಾಗುತ್ತಿತ್ತು. ಕೆಳತನಕ ಗುಂಡಿ ಬಿಚ್ಚುವ ಶರ್ಟು ಚಾಲ್ತಿಗೆ ಬಂದದ್ದು ಶತಮಾನದ ಕೊನೆಗೆ.

ಬಿಳಿ ಮಲ್ ಬಟ್ಟೆ ತೆಳುವಾಗುತ್ತದೆ. ಲಾಂಗ್‌ಕ್ಲಾತ್ ಅಥವಾ ಸ್ವಲ್ಪ ಗಟ್ಟಿ ಪಾಪ್ಲಿನ್ ತೆಗೆದುಕೊಳ್ಳಿ.

ನೋ_ಟೆನ್ಷನ್:
ಇಷ್ಟೆಲ್ಲ ಯಾಕೆ ಮಾರಾಯರೇ? ಹಳೇ ಬಟ್ಟೆ ಅಂಗಡಿಯಲ್ಲಿ ಉದ್ದ ಕಪ್ಪು ಕೋಟು, ಒಂದು ಟೋಪಿ, ಕುತ್ತಿಗೆಗೆ ರೇಷ್ಮೆ ಬಟ್ಟೆ. ಮುಗೀತು. ಜಾತ್ರೆಯಲ್ಲಿ ಬೆನ್ನಿನ ಜಾಯಿಂಟ್ ಯಾರು ಎಣಿಸುತ್ತಾರೆ?

ದರ್ಜಿಮಗ:
ಎಣಿಸುವುದಿಲ್ಲ, ನಿಜ. ಆ ದಾರಿಯೂ ಇದೆ. ಆದರೆ ಈ ಅಕ್ಕ ಕೇಳಿದ್ದು ಹೊಲಿಯುವುದಕ್ಕೆ. ಹೊಲಿಯುವ ಶ್ರಮ ತಪ್ಪು ಪ್ಯಾಟರ್ನಿಗೂ ಅಷ್ಟೇ, ಸರಿ ಪ್ಯಾಟರ್ನಿಗೂ ಅಷ್ಟೇ. ಬಟ್ಟೆಯ ಖರ್ಚೂ ಅಷ್ಟೇ.

ಸೂಜಿಮಲ್ಲಿಗೆ_ಲೆಸ್ಟರ್:
ನೋ_ಟೆನ್ಷನ್ ಅವರ ಮಾತಿನಲ್ಲಿ ಒಂದು ಉಪಯೋಗದ ಎಳೆ ಇದೆ. ಇಡೀ ವೇಷ ಒಂದೇ ವರ್ಷ ಹೊಲಿಯಬೇಕಾಗಿಲ್ಲ. ಈ ಸಲ ಪ್ಯಾಂಟು, ಶರ್ಟು, ವೇಸ್ಟ್‌ಕೋಟ್ ಸರಿಯಾಗಿ ಹೊಲಿದು, ಮೇಲೆ ಸ್ಯಾಕ್ ಕೋಟು ಹಾಕಿದರೂ 1860ರ ಮನುಷ್ಯ ತಯಾರು. ಫ್ರಾಕ್ ಕೋಟು ಮುಂದಿನ ವರ್ಷಕ್ಕಾಯಿತು. ವೇಸ್ಟ್‌ಕೋಟ್ ಹೊಲಿದರೆ ಜೇಬಿನ ಪಟ್ಟಿ, ಕಾಲರ್, ಲೈನಿಂಗ್ ಎಲ್ಲ ಕೈಗೆ ಹತ್ತುತ್ತದೆ. ಅದರಲ್ಲಿ ಕಲಿತದ್ದೇ ಕೋಟಿಗೂ ಬೇಕು. ಬೆನ್ನಿಗೆ ದುಬಾರಿ ಬಟ್ಟೆ ಬೇಡ. ಆಗಲೂ ಹಿಂಭಾಗಕ್ಕೆ ಹೊಳಪಿನ ಹತ್ತಿ ಬಟ್ಟೆಯನ್ನೇ ಹಾಕುತ್ತಿದ್ದರು.

ಹೊಲಿಗೆಹುಚ್ಚಿ_ಹ್ಯೂಸ್ಟನ್:
ಯಜಮಾನರಿಗೆ ಹೇಳಿ ನೋಡಿದೆ. ಫ್ರಾಕ್ ಕೋಟು ಬಿಡಲ್ಲ ಅಂತಾರೆ. ಬಟ್ಟೆ ಯಾವುದು ತರಿಸಲಿ? ಅಮ್ಮ ಬೆಂಗಳೂರಿಂದ ಬರುತ್ತಿದ್ದಾರೆ, ಚಿಕ್ಕಪೇಟೆಯಿಂದ ತರಿಸಬಹುದು. ಗ್ಯಾಲ್ವೆಸ್ಟನ್ ಕಡಲ ತೀರ, ಡಿಸೆಂಬರ್‌ನಲ್ಲೂ ಮಧ್ಯಾಹ್ನ ಬೆಚ್ಚಗೇ ಇರುತ್ತದೆ.

ದರ್ಜಿಮಗ:
ತೆಳು ಉಣ್ಣೆ ಬಟ್ಟೆ, ಕಪ್ಪು ಅಥವಾ ಕಡು ಬೂದು. ಟೆರಿಕಾಟ್, ಪಾಲಿಯೆಸ್ಟರ್ ಬೆರೆತ ಸೂಟಿಂಗ್ ಬೇಡ. ಹೊಳೆಯುತ್ತದೆ ಅನ್ನುವುದು ಒಂದು ಕಾರಣ, ಅದಕ್ಕಿಂತ ದೊಡ್ಡದು ಇಸ್ತ್ರಿ. ಆಗಿನ ಕೋಟಿನ ಅರ್ಧ ಆಕಾರ ಬರುವುದು ಇಸ್ತ್ರಿಯಲ್ಲಿ. ಆವಿ ಕೊಟ್ಟು ಎದೆಯ ಹತ್ತಿರ ಹಿಗ್ಗಿಸಿ, ಸೊಂಟದ ಹತ್ತಿರ ಕುಗ್ಗಿಸುತ್ತಾರೆ. ಉಣ್ಣೆ ಹೇಳಿದ ಮಾತು ಕೇಳುತ್ತದೆ. ಪಾಲಿಯೆಸ್ಟರ್ ಕೇಳುವುದಿಲ್ಲ, ಜಾಸ್ತಿ ಬಿಸಿ ಮಾಡಿದರೆ ಮಿಂಚುತ್ತದೆ, ಅಷ್ಟೇ.

ಅಂಗಡಿಯವರು ಎಲ್ಲಕ್ಕೂ 'ಪ್ಯೂರ್ ವುಲ್' ಅನ್ನುತ್ತಾರೆ. ಅಂಚಿನಿಂದ ಒಂದು ನೂಲು ಎಳೆದು ಸುಟ್ಟು ನೋಡಲು ಅಮ್ಮನಿಗೆ ಹೇಳಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಉದ್ದದ ನೂಲು, ಅಡ್ಡದ ನೂಲು ಎರಡನ್ನೂ ಸುಡಬೇಕು. ಒಂದು ಉಣ್ಣೆ, ಒಂದು ಬೇರೆ ಇರುವ ಬಟ್ಟೆಯೂ ಇದೆ.

58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಎತ್ತರದವರ ಫ್ರಾಕ್ ಕೋಟಿಗೆ ಮೂರೂವರೆ ಮೀಟರ್ ಇಟ್ಟುಕೊಳ್ಳಿ. ಪ್ಯಾಟರ್ನ್ ಲಕೋಟೆ ಮೇಲೆ ಬರೆದದ್ದನ್ನೂ ನೋಡಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಸೆಖೆಗೆ ಉಪಾಯ: ಮೇಲಿನ ಭಾಗಕ್ಕೆ ಮಾತ್ರ ಲೈನಿಂಗ್ ಕೊಡಿ, ಘೇರಿಗೆ ಬಿಟ್ಟುಬಿಡಿ. ಲೈನಿಂಗ್ ಹತ್ತಿಯದಾಗಿರಲಿ.

ಕಾಜಬಟನ್:
ಪಿಡಿಎಫ್ ಪ್ಯಾಟರ್ನ್ ತೊಗೊಂಡರೆ ಪ್ರಿಂಟ್ ಹೇಗೆ? ಎ4 ಹಾಳೆ ಅಂಟಿಸಿ ಅಂಟಿಸಿ ನೆಲ ತುಂಬಾ ಹರಡಿಕೊಂಡವರನ್ನು ನೋಡಿದ್ದೇನೆ.

ಹತ್ತಿಬೀಜ:
ಬೆಂಗಳೂರಲ್ಲಿ ಎಂಜಿನಿಯರಿಂಗ್ ನಕ್ಷೆ ಪ್ರಿಂಟ್ ಮಾಡುವ ಜೆರಾಕ್ಸ್ ಅಂಗಡಿಗೆ ಹೋಗಿ, ಎ0 ಅಳತೆಯಲ್ಲಿ ತೆಗೆಸಿ. ಕಟ್ಟಡದ ಪ್ಲಾನ್ ತೆಗೆಯುವ ಪ್ಲಾಟರ್‌ನಲ್ಲೇ ಬರುತ್ತದೆ. 'ಫಿಟ್ ಟು ಪೇಜ್' ಹಾಕಬೇಡಿ, ನೂರಕ್ಕೆ ನೂರು ಅಳತೆಯಲ್ಲೇ ಬರಲಿ ಅಂತ ಒತ್ತಿ ಹೇಳಬೇಕು. ಪ್ಯಾಟರ್ನಿನ ಮೂಲೆಯಲ್ಲಿ ಪರೀಕ್ಷೆಗೆ ಒಂದು ಚೌಕ ಇರುತ್ತದೆ. ಅಂಗಡಿಯಲ್ಲೇ ಸ್ಕೇಲ್ ಇಟ್ಟು ಅಳೆದು ದುಡ್ಡು ಕೊಡಿ. ಅಮೆರಿಕದ ಪಿಡಿಎಫ್ ಅವರ ಲೆಟರ್ ಹಾಳೆಗೆ ಮಾಡಿದ್ದರೆ ನಮ್ಮ ಎ4ನಲ್ಲಿ ಅಂಚು ಕತ್ತರಿಸಿ ಹೋಗುವುದುಂಟು. ಹ್ಯೂಸ್ಟನ್ ಅಕ್ಕನಿಗೆ ಆ ತಲೆನೋವಿಲ್ಲ.

ಮಾರ್ಜಿನ್ ಕೂಡ ನೋಡಿಕೊಳ್ಳಿ. ಅಮೆರಿಕದ ದೊಡ್ಡ ಕಂಪನಿಗಳದ್ದು ಸಾಮಾನ್ಯವಾಗಿ 1.5 ಸೆಂಟಿಮೀಟರ್, ಸೇರಿಸಿಯೇ ಕೊಟ್ಟಿರುತ್ತಾರೆ. ಬೇರೆಯವರದ್ದು ಬೇರೆ. ಕೆಲವರು ಮಾರ್ಜಿನ್ ಕೊಡುವುದೇ ಇಲ್ಲ.

ದರ್ಜಿಮಗ:
ಟ್ರಯಲ್ ಬಗ್ಗೆ ಯಾರೂ ಹೇಳಲಿಲ್ಲ. ಯಾವ ಪ್ಯಾಟರ್ನ್ ಆದರೂ ಮೊದಲು ಕೋರಾ ಬಟ್ಟೆಯಲ್ಲಿ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ. ಕಾಲರ್, ಜೇಬು, ಘೇರು ಬೇಡ. ಮೇಲಿನ ಭಾಗ ಮತ್ತು ಒಂದು ತೋಳು ಸಾಕು. ಒಳಗೆ ಶರ್ಟು, ವೇಸ್ಟ್‌ಕೋಟ್ ಹಾಕಿಸಿಯೇ ನೋಡಬೇಕು.

ಯಜಮಾನರ ಬೆನ್ನು ಬಾಗಿದೆ ಅಂದಿರಿ. ಹಳೇ ನಕ್ಷೆಗಳೆಲ್ಲ ಎದೆ ಮುಂದೆ ಮಾಡಿ ನೆಟ್ಟಗೆ ನಿಂತ ಮನುಷ್ಯನಿಗೆ ಮಾಡಿದವು. ಬಾಗಿದವರಿಗೆ ತೊಡಿಸಿದರೆ ಎರಡು ಕಡೆ ತಕರಾರು ಬರುತ್ತದೆ. ಹಿಂದೆ ಕತ್ತಿನ ಹತ್ತಿರ ಕಾಲರ್ ಬಿಟ್ಟುಕೊಂಡು ನಿಲ್ಲುತ್ತದೆ, ಘೇರು ಹಿಂದೆ ಮೇಲೆದ್ದು ಸೀಳು ಬಾಯಿ ತೆರೆಯುತ್ತದೆ. ಆಗ ಪಕ್ಕ ಬಿಚ್ಚಿ ಸಡಿಲ ಮಾಡಲು ಹೋಗಬೇಡಿ. ಸುತ್ತಳತೆ ಅಲ್ಲ, ಉದ್ದ ಕಡಿಮೆಯಾಗಿರುವುದು. ಕೋರಾ ಬಟ್ಟೆಯ ಬೆನ್ನನ್ನು ಭುಜದ ಮೂಳೆಗಳ ಮಟ್ಟದಲ್ಲಿ ಅಡ್ಡಕ್ಕೆ ಕತ್ತರಿಸಿ. ತಾನಾಗಿ ಎಷ್ಟು ಬಿಡುತ್ತದೋ ಅಷ್ಟಕ್ಕೆ ಒಂದು ಚೂರು ಬಟ್ಟೆ ಇಟ್ಟು ಪಿನ್ ಮಾಡಿ. ಅರ್ಧ ಇಂಚು, ಮುಕ್ಕಾಲು ಇಂಚು ಬರಬಹುದು. ಅಷ್ಟನ್ನು ಪ್ಯಾಟರ್ನ್ ಕಾಗದದಲ್ಲಿ ಸೇರಿಸಿದರೆ ಕಾಲರ್ ಕತ್ತಿಗೆ ಕೂರುತ್ತದೆ, ಹಿಂದಿನ ಸೀಳೂ ಮುಚ್ಚಿಕೊಳ್ಳುತ್ತದೆ.

ಹೊಟ್ಟೆಗೆ ಸೈಜು ದೊಡ್ಡದು ಮಾಡಬೇಡಿ. ಎದೆ ಅಳತೆಗೆ ಪ್ಯಾಟರ್ನ್ ಆರಿಸಿ, ಮುಂಭಾಗದ ಸೊಂಟದಲ್ಲಿ ಮಾತ್ರ ಬಿಡಿಸಿ. ಹೊಟ್ಟೆ ನೋಡಿ ಎರಡು ಸೈಜು ಮೇಲೆ ಹೋದರೆ ಭುಜ ಜೋತು ಬೀಳುತ್ತದೆ. ಭುಜ ಆಮೇಲೆ ಸರಿ ಮಾಡುವುದು ತುಂಬ ಕಷ್ಟ.

ಹೊಲಿಗೆಹುಚ್ಚಿ_ಹ್ಯೂಸ್ಟನ್:
ಇದನ್ನೆಲ್ಲ ಪ್ರಿಂಟ್ ತೆಗೆದು ಹೊಲಿಗೆ ಮೆಷಿನ್ ಪಕ್ಕ ಅಂಟಿಸುತ್ತೇನೆ. ಕೊನೇದಾಗಿ ಮಗನಿಗೆ? ಅವನಿಗೂ ಫ್ರಾಕ್ ಕೋಟು ಪುಟ್ಟದಾಗಿ ಹೊಲಿದರೆ ಮುದ್ದಾಗಿರುತ್ತದೆ ಅಲ್ವಾ?

ಸೂಜಿಮಲ್ಲಿಗೆ_ಲೆಸ್ಟರ್:
ಮುದ್ದಾಗಿರುತ್ತದೆ, ಆದರೆ 1860ರ ಎಂಟು ವರ್ಷದ ಹುಡುಗ ಅದನ್ನು ಹಾಕುತ್ತಿರಲಿಲ್ಲ. ನಿಕ್ಕರ್‌ಬಾಕರ್ ಮತ್ತು ಗಿಡ್ಡ ಜಾಕೆಟ್ ನೋಡಿ. ನಿಕ್ಕರ್‌ಬಾಕರ್ ಅಂದರೆ ಮೊಣಕಾಲಿನ ಸ್ವಲ್ಪ ಕೆಳಗೆ ನೆರಿಗೆ ಹಿಡಿದು ಪಟ್ಟಿ ಕಟ್ಟಿದ ಚಡ್ಡಿ. ಜಾಕೆಟ್‌ಗೆ ಕಾಲರ್ ಇಲ್ಲ, ಕತ್ತಿನ ಹತ್ತಿರ ಒಂದು ಗುಂಡಿ, ಅಲ್ಲಿಂದ ಎರಡೂ ಕಡೆ ಬಾಗಿ ಹಿಂದೆ ಹೋಗುತ್ತದೆ. ಅಂಚಿಗೆ ಕಪ್ಪು ದಾರದ ಪಟ್ಟಿ. ಇಟಲಿಯ ಹೋರಾಟಗಾರ ಗ್ಯಾರಿಬಾಲ್ಡಿ ಆಗ ಇಂಗ್ಲೆಂಡ್, ಅಮೆರಿಕದ ಮನೆ ಮನೆಯಲ್ಲೂ ಹೀರೋ. ಅವನ ಹೆಸರಿನ ಹುಡುಗರ ಸೂಟಿನ ಪ್ಯಾಟರ್ನ್ ಬಟರಿಕ್‌ಗೆ ಚೆನ್ನಾಗಿ ಮಾರಾಟವಾಗಿತ್ತು.

ನಿಮಗೆ ಅನುಕೂಲ ಏನೆಂದರೆ ಇದರಲ್ಲಿ ಲ್ಯಾಪೆಲ್ (ಎದೆ ಮೇಲಿನ ಕಾಲರ್ ಮಡಿಕೆ) ಇಲ್ಲ, ಸೊಂಟದ ಜಾಯಿಂಟ್ ಇಲ್ಲ. ಬ್ಲೌಸು ಹೊಲಿಯುವವರಿಗೆ ಕಷ್ಟವೇ ಅಲ್ಲ. ಪ್ಯಾಟರ್ನನ್ನು ವಯಸ್ಸು ನೋಡಿ ಕೊಳ್ಳಬೇಡಿ, ಎದೆ ಅಳತೆ ನೋಡಿ ಕೊಳ್ಳಿ. ಈಗ ಅಳೆದದ್ದು ಡಿಸೆಂಬರ್‌ಗೆ ಗಿಡ್ಡವಾಗಬಹುದು. ಹಾಗಾಗಿ ತೋಳಿನ ಒಳಗೆ ಒಂದೂವರೆ ಇಂಚು ಮಡಚಿಟ್ಟಿರಿ. ನಿಕ್ಕರ್‌ಬಾಕರ್ ಪಟ್ಟಿಗೆ ಒಂದರ ಬದಲು ಎರಡು ಕಾಜ ಮಾಡಿ. ಎಲಾಸ್ಟಿಕ್ ಹಾಕಿದರೂ ನಡೆಯುತ್ತದೆ, ಪಟ್ಟಿ ಮುಚ್ಚಿಕೊಳ್ಳುವುದರಿಂದ ಹೊರಗೆ ಕಾಣುವುದಿಲ್ಲ. ಇಡೀ ದಿನ ಓಡುವ ಹುಡುಗನಿಗೆ ನಾನಾದರೆ ಎಲಾಸ್ಟಿಕ್ಕೇ ಹಾಕುತ್ತೇನೆ.